ನೆಗ್ಗು ತೆಗೆಸಿದ ಲೋಟ

ಲೋಕವನ್ನು ಕಾಡುವ ದೊಡ್ಡ ಸಮಸ್ಯೆಗಳನ್ನೆಲ್ಲ ಸದ್ಯಕ್ಕೆ ಬದಿಗಿಟ್ಟು, ಒಂದು ಹಿತ್ತಾಳೆ ಲೋಟದ ಹೊಟ್ಟೆಯಲ್ಲಿದ್ದ ನೆಗ್ಗಿನ ಬಗ್ಗೆ ಇಲ್ಲಿ ವಿಚಾರಣೆ ನಡೆಸಬೇಕಾಗಿದೆ. ಸಿಂಹಾಸನಗಳು ಉರುಳಿದ್ದಕ್ಕೆ ಚರಿತ್ರೆಕಾರರು ಕೊಡುವ ಕಾರಣಗಳ ಪಕ್ಕದಲ್ಲಿಟ್ಟು ನೋಡಿದರೆ ಈ ನೆಗ್ಗು ಏನೂ ಸಣ್ಣದಲ್ಲ.

ಲೋಟವಿದ್ದದ್ದು ನಾಲ್ಕು ಹಸು, ಇಪ್ಪತ್ತು ಕೋಳಿ, ಒಂದೆಕರೆ ತರಕಾರಿ ನೆಚ್ಚಿಕೊಂಡ ಮನೆಯಲ್ಲಿ. ಅಣ್ಣ ತಮ್ಮ ಇಬ್ಬರು, ಅವರ ಹೆಂಡತಿಯರಿಬ್ಬರು, ಎಲ್ಲರ ಮೇಲೂ ಕಣ್ಣಿಟ್ಟು ಕಿಟಕಿಯ ಪಕ್ಕ ಕೂತಿರುವ ಅತ್ತೆ. ಅಡುಗೆಮನೆ ಹದಿನಾಲ್ಕು ವರ್ಷದಿಂದ ದೊಡ್ಡ ಸೊಸೆಯದು. ಆಕೆ ಅಕ್ಕಿ, ನೀರು, ಹಿಟ್ಟು, ಉಪ್ಪು ಎಲ್ಲವನ್ನೂ ಅಳೆಯುತ್ತಿದ್ದದ್ದು ಆ ಲೋಟದಲ್ಲೇ. ಮದುವೆಯಾಗಿ ಬಂದ ವರ್ಷ ಹಸುವೊಂದು ಅದನ್ನು ತುಳಿದು ಒಂದು ಮಗ್ಗುಲು ಪೂರ್ತಿ ಒಳಕ್ಕೆ ಕುಸಿದಿತ್ತು. ಆಕೆಯ ಕೈರುಚಿ ಆ ಕುಸಿತಕ್ಕೆ ಹೊಂದಿಕೊಂಡೇ ಹೆಸರು ಮಾಡಿತ್ತು. ಜೊತೆಗೆ ಒಂದು ಪಣವೂ ಇತ್ತು. ಮಾಡಿದ್ದನ್ನು ಆಕೆ ಎಂದೂ ರುಚಿ ನೋಡುತ್ತಿರಲಿಲ್ಲ.

"ರುಚಿ ನೋಡೋದು ಅಳತೆ ಗೊತ್ತಿಲ್ಲದವರ ಕೆಲಸ" ಎಂದು, ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕುತ್ತಿದ್ದ ಚಿಕ್ಕ ಸೊಸೆಗೆ ಕೇಳುವಂತೆ ಹೇಳುತ್ತಿದ್ದಳು.

ಇಂಥವನ್ನೆಲ್ಲ ಚಿಕ್ಕವಳು ನುಂಗಿಕೊಂಡಿದ್ದಳು. ನುಂಗಲಾಗದೆ ಹೋದದ್ದು ಬೀನ್ಸ್.

ಅವಳ ತಾಯಿ ವರ್ಷವರ್ಷವೂ ಎತ್ತಿಟ್ಟು ಉಳಿಸಿಕೊಂಡು ಬಂದ ಕೆಂಪು ಚುಕ್ಕೆಯ ಬೀನ್ಸ್ ಬೀಜ ಅದು. ತಾಯಿ ತೀರಿಕೊಂಡಿದ್ದಳು, ತವರಿನ ಹಿತ್ತಲಲ್ಲಿ ಈಗ ಅಣ್ಣನ ಟ್ರ್ಯಾಕ್ಟರ್ ನಿಲ್ಲುತ್ತಿತ್ತು. ಉಳಿದದ್ದೆಂದರೆ ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟ ಎರಡು ಹಿಡಿ. ಬಿತ್ತುವುದಕ್ಕೆ ನಾಲ್ಕು ದಿನವಿರುವಾಗ ದೊಡ್ಡವಳು ಅದನ್ನು ತೊಳೆದು, ನೆನೆಸಿ, ಬೇಯಿಸಿ, ಮಧ್ಯಾಹ್ನದ ಊಟಕ್ಕೆ ಬಡಿಸಿದಳು.

"ಅಕ್ಕ, ಅದು ಬೀಜಕ್ಕಿಟ್ಟಿದ್ದು. ಬೂದಿ ಕಾಣಿಸಲಿಲ್ವಾ?"

"ಕಾಣಿಸ್ತು ಕಣೇ, ಅದಕ್ಕೇ ಮೂರು ಸಲ ತೊಳೆದೆ. ಹುಳ ತಿನ್ನೋ ಬದಲು ಮನೆಯವರು ತಿಂದ್ರು, ಬಿಡು. ಎರಡು ಹಿಡಿ ಕಾಳಿಗೆ ಇಷ್ಟುದ್ದ ಮುಖ ಮಾಡ್ತಾರಾ?"

ದೊಡ್ಡವಳ ಗಂಡ, ಅಂದರೆ ಭಾವನವರು, ತಟ್ಟೆ ಒರೆಸುತ್ತ, "ಬೆಣ್ಣೆ ಥರ ಬೆಂದಿತ್ತಪ್ಪ. ಇನ್ನೂ ಇದೆಯಾ?" ಎಂದರು. ಭಾವನವರು ಕೆಟ್ಟವರಲ್ಲ. ಅವರ ಮಾತು ಮಾತ್ರ ಯಾವಾಗಲೂ ಬಾಗಿಲು ತಪ್ಪಿ ಒಳಗೆ ಬರುತ್ತಿತ್ತು.

ಆ ಮಧ್ಯಾಹ್ನದಿಂದ ಚಿಕ್ಕವಳಿಗೆ ಬೇಕಾದದ್ದು ಒಂದೇ. ದೊಡ್ಡವಳ ಕೈಯಿಂದ ಸೌಟು ಇಳಿಯಬೇಕು, ಅದೂ ನಾಲ್ಕು ಜನರ ಎದುರು.

ಅದಕ್ಕೆ ಮನೆಯಲ್ಲೇ ಒಂದು ಕಾಯಿದೆಯಿತ್ತು. ವರ್ಷಕ್ಕೊಮ್ಮೆ ಮುನ್ನೂರು ಮಿಡಿಸೌತೆಯನ್ನು ಉಪ್ಪುನೀರಿನ ಭರಣಿಗೆ ಹಾಕುತ್ತಿದ್ದರು. ಯಾರ ಕೈಯಲ್ಲಿ ಭರಣಿ ಕೆಡುತ್ತದೋ ಅವರು ಸೌಟು ಬಿಡಬೇಕು. ಅತ್ತೆಗೆ ಅಡುಗೆಮನೆ ಸಿಕ್ಕಿದ್ದೂ ತನ್ನ ಅತ್ತೆಯ ಭರಣಿಗೆ ಬೂಷ್ಟು ಬಂದ ವರ್ಷವೇ.

ಪಾತ್ರೆಗಳಿಗೆ ಕಲಾಯಿ ಹಾಕುವವನು ಬಂದಾಗ ಚಿಕ್ಕವಳು ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಎಲ್ಲರೆದುರೇ ಕೊಟ್ಟಳು.

"ನೆಗ್ಗು ತೆಗೆಯಪ್ಪ. ನಮ್ಮಕ್ಕ ಮುಟ್ಟೋ ಲೋಟ, ನೋಡೋಕೆ ಚೆನ್ನಾಗಿರಬೇಕು."

ಅವನು ಮರದ ಸುತ್ತಿಗೆಯಲ್ಲಿ ಒಳಗಿನಿಂದ ತಟ್ಟಿ ಗುಂಡಗೆ ಮಾಡಿ, ಹುಣಿಸೆಹುಳಿಯಲ್ಲಿ ಉಜ್ಜಿ ಕೊಟ್ಟ. ದೊಡ್ಡವಳು ಅದರಲ್ಲಿ ತನ್ನ ಮುಖ ನೋಡಿಕೊಂಡು, "ಅಂತೂ ಬುದ್ಧಿ ಬಂತು ನಿಂಗೆ" ಎಂದಳು. ಚಿಕ್ಕವಳು ಬಾವಿಕಟ್ಟೆಯಲ್ಲಿ ನೀರು ತುಂಬಿ ನೋಡಿದಳು. ಮೊದಲಿನ ಮೂರು ಲೋಟ ಈಗ ಎರಡರಲ್ಲೇ ಹಿಡಿಯುತ್ತಿತ್ತು.

ಸೇಡಿನ ಮೊದಲ ಫಲ ವಿಚಿತ್ರವಾಗಿತ್ತು. ಅಕ್ಕಿಯೂ ಅದೇ ಲೋಟ, ನೀರೂ ಅದೇ ಲೋಟ. ಹಾಗಾಗಿ ಅನ್ನದ ಹದ ಕೂದಲಷ್ಟೂ ಕೆಡಲಿಲ್ಲ. ಅನ್ನ ಹೆಚ್ಚಾಯಿತು, ಅಷ್ಟೇ. ಭಾವನವರು ತೇಗಿ, "ಹದಿನಾಲ್ಕು ವರ್ಷದಲ್ಲಿ ಇವತ್ತು ಹೊಟ್ಟೆ ತುಂಬ್ತು ನೋಡು" ಎಂದರು. ಅತ್ತೆಯೂ, "ದೊಡ್ಡವಳ ಕೈ ಈಗೀಗ ಧಾರಾಳ ಆಗಿದೆ" ಎಂದರು. ಶತ್ರುವಿಗೆ ತಾನೇ ಕಿರೀಟ ತೊಡಿಸಿದಂತಾಗಿ ಚಿಕ್ಕವಳು ಎರಡು ವಾರ ಹಲ್ಲು ಕಚ್ಚಿಕೊಂಡು ಉಂಡಳು.

ಆದರೆ ಮಿಡಿಸೌತೆಯನ್ನು ಲೋಟದಲ್ಲಿ ಅಳೆಯುವುದಿಲ್ಲ, ಎಣಿಸುತ್ತಾರೆ. ನೀರು ಬಿಂದಿಗೆಯ ಲೆಕ್ಕ. ಉಪ್ಪು ಮಾತ್ರ ಲೋಟದ್ದು. ಒಂದು ಬಿಂದಿಗೆಗೆ ಆರು. ದೊಡ್ಡವಳು ಅಂಚಿನವರೆಗೆ ತುಂಬಿ ಆರು ಲೋಟ ಸುರಿದು ಕುದಿಸಿದಳು. ಪಕ್ಕದಲ್ಲಿ ಮಿಡಿ ಒರೆಸುತ್ತಿದ್ದ ಚಿಕ್ಕವಳು ಕೇಳಿದಳು.

"ಅಕ್ಕ, ಒಂಚೂರು ನಾಲಿಗೆಗೆ ಹಾಕ್ಕೊಂಡು ನೋಡ್ತೀರಾ?"

"ನೀನು ಒರೆಸೋ ಕೆಲಸ ನೋಡು."

ಇದಕ್ಕಿಂತ ನ್ಯಾಯವಾದ ಎಚ್ಚರಿಕೆಯನ್ನು ಯಾವ ಸೇನಾಪತಿಯೂ ಎದುರಾಳಿಗೆ ಕೊಟ್ಟಿರಲಾರ. ಚಿಕ್ಕವಳು ಮುನ್ನೂರೂ ಮಿಡಿಗಳನ್ನು ಒಂದೊಂದಾಗಿ, ಮಕ್ಕಳ ತಲೆ ಒರೆಸುವಷ್ಟು ಅಕ್ಕರೆಯಿಂದ ಒರೆಸಿಕೊಟ್ಟಳು.

ನಲವತ್ತು ದಿನ ಕಳೆದು ಭರಣಿಯ ಬಾಯಿ ಬಿಚ್ಚುವ ದಿನ ಅತ್ತೆಯ ಅಣ್ಣ ಊಟಕ್ಕೆ ಬಂದಿದ್ದರು. ರಿಟೈರಾದ ಮೇಷ್ಟ್ರು. ಎಲ್ಲದಕ್ಕೂ ಮಾರ್ಕ್ಸ್ ಕೊಡುವ ಚಟ ಮಾತ್ರ ರಿಟೈರಾಗಿರಲಿಲ್ಲ. ಮಿಡಿಯನ್ನು ಕಡಿದರು. ದವಡೆ ನಿಂತಿತು. ಎರಡು ಲೋಟ ನೀರು ಕುಡಿದ ಮೇಲೆ ಮಾತು ಹೊರಟಿತು.

"ತಂಗೀ, ಸೌತೆಕಾಯಿಗೆ ಉಪ್ಪು ಹಾಕಿದ್ದೀರೋ, ಉಪ್ಪಿಗೆ ಸೌತೆಕಾಯಿ ಹಾಕಿದ್ದೀರೋ?"

"ನನ್ನ ಅಳತೆ ತಪ್ಪಲ್ಲ" ಎಂದಳು ದೊಡ್ಡವಳು. "ರೀ, ನೀವು ತಿಂದು ಹೇಳ್ರಿ."

ಭಾವನವರು ತಿಂದರು. ಕಣ್ಣಲ್ಲಿ ನೀರು ಬಂತು. ಹೆಂಡತಿಯ ಮುಖ ನೋಡಿ, "ಉಪ್ಪು... ಇದೆ" ಎಂದರು.

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ದೊಡ್ಡವಳು ತಾನು ಮಾಡಿದ್ದನ್ನು ರುಚಿ ನೋಡಲೆಂದು ಬಾಯಿಗಿಟ್ಟಳು. ಆಮೇಲೆ ಕಪಾಟಿನಲ್ಲಿ ಹೊಳೆಯುತ್ತಿದ್ದ ಲೋಟ ನೋಡಿದಳು. ಆಮೇಲೆ ಚಿಕ್ಕವಳನ್ನು.

"ನೀನು! ನೆಗ್ಗು ತೆಗೆಸಿದ್ದು ನೀನು!"

"ಹೌದಕ್ಕ. ಎಲ್ಲರೆದುರೇ ತೆಗೆಸಿದೆ."

"ಬೇಕಂತಲೇ ಮಾಡಿದ್ಯಾ?"

"ಬೇಕಂತಲೇ. ನಮ್ಮಮ್ಮನ ಬೀಜ ಬೇಯಿಸಿದ್ರಲ್ಲ, ಅದಕ್ಕೆ."

ಚಿಕ್ಕವಳ ಗಂಡ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತ.

"ಕೇಳಿಸ್ಕೊಂಡ್ರಾ ಅತ್ತೆ? ಬಾಯಿಬಿಟ್ಟು ಒಪ್ಪಿಕೊಂಡ್ಲು!"

"ಕೇಳಿಸ್ತು" ಎಂದರು ಅತ್ತೆ. "ಅವಳು ಮಾಡಿದ್ದು ಮನೆಹಾಳು ಕೆಲಸ. ಆದ್ರೆ ಉಪ್ಪು ಸುರಿದ ಕೈ ನಿಂದು. ಒಂದು ಹನಿ ನಾಲಿಗೆಗೆ ಹಾಕ್ಕೊಂಡಿದ್ರೆ ಅವತ್ತೇ ಗೊತ್ತಾಗ್ತಿತ್ತು. ಸೌಟು ಇಲ್ಲಿ ಕೊಡು."

"ಅತ್ತೇ..."

"ಕೊಡು ಅಂದೆ. ನಮ್ಮತ್ತೆ ಕೊಡುವಾಗ ಎರಡನೇ ಸಲ ಹೇಳಿಸ್ಕೊಳ್ಳಲಿಲ್ಲ." ಅತ್ತೆ ಸೌಟನ್ನು ಇಸಿದುಕೊಂಡು ಚಿಕ್ಕವಳತ್ತ ತಿರುಗಿದರು. "ಈ ಮನೇಲಿ ತಿನ್ನೋದನ್ನ ಎಸೆಯೋ ಪದ್ಧತಿ ಇಲ್ಲ. ಆ ಭರಣಿ ಖಾಲಿ ಮಾಡೋಳು ನೀನೇ. ಒಬ್ಬಳೇ."

ಚಿಕ್ಕವಳು ಭರಣಿಗೆ ಕೈ ಹಾಕಿ, ಇದ್ದುದರಲ್ಲಿ ದಪ್ಪನೆಯ ಒಂದು ಮಿಡಿ ಆರಿಸಿ ತೆಗೆದಳು. ದೊಡ್ಡವಳ ಕಣ್ಣಲ್ಲಿ ಕಣ್ಣಿಟ್ಟು, ನೀರು ಮುಟ್ಟದೆ, ತೊಟ್ಟಿನ ಸಮೇತ ನಿಧಾನವಾಗಿ ಅಗಿದು ತಿಂದಳು. ಅಷ್ಟು ರುಚಿಯಾದದ್ದನ್ನು ಆ ಮನೆಯಲ್ಲಿ ತಾನು ಹಿಂದೆಂದೂ ತಿಂದಿರಲಿಲ್ಲ ಎಂಬಂತಿತ್ತು ಅವಳ ಮುಖ.

ಮರುದಿನದಿಂದ ಚಿಕ್ಕವಳು ಅಡುಗೆ ಮಾಡಿದಳು, ದೊಡ್ಡವಳು ಕೊಟ್ಟಿಗೆ ನೋಡಿಕೊಂಡಳು. ಭರಣಿ ಖಾಲಿಯಾಗುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು.