ರೀಲಿಲ್ಲದ ಫ್ಲ್ಯಾಶ್

ಫೋಟೋಗ್ರಾಫರ್ ನರಸಿಂಹಯ್ಯನವರು ಎಂಬತ್ತೊಂದನೆಯ ವಯಸ್ಸಿನಲ್ಲಿ ಸಿಕ್ಕಿಬಿದ್ದದ್ದು ಉಪ್ಪಾರಹಳ್ಳಿಯ ತಮ್ಮ ಮನೆಯಲ್ಲೇ. ಅವರು ಕೆಲಸಕ್ಕಿದ್ದ ವಾರಪತ್ರಿಕೆ ಮುಚ್ಚಿ ಮೂವತ್ತು ವರ್ಷವಾಗಿತ್ತು. ಅದರ ನೆಗೆಟಿವ್‌ಗಳೆಲ್ಲ ಟ್ರಂಕುಗಳಲ್ಲಿ ಇವರ ಮನೆ ಸೇರಿದ್ದವು. ಮೊಮ್ಮಗಳು ಪಲ್ಲವಿ ಅವನ್ನು ಸ್ಕ್ಯಾನ್ ಮಾಡಿ, ಊರು, ಇಸವಿ ಬರೆದು ಫೇಸ್‌ಬುಕ್ಕಿಗೆ ಹಾಕುತ್ತಿದ್ದಳು. 'ಕುಣಿಗಲ್ ಸೀಮೆ, ಕೆರೆ ಏರಿ ಕೆಲಸ, ೧೯೭೧' ಎಂಬುದನ್ನು ನೋಡಿ ಗುಬ್ಬಿಯಿಂದ ಬೀರಯ್ಯ ಬಂದಿದ್ದರು. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸಿ ಮೊನ್ನೆಯಷ್ಟೇ ನಿವೃತ್ತರಾದವರು.

"ನಂಗಾಗ ಐದು ವರ್ಷ ಸಾರ್. ನಮ್ಮವ್ವ ರೇವಮ್ಮ ಅಂತ, ಏರಿಗೆ ಮಣ್ಣು ಹೊರ್ತಿದ್ಲು. ಸಾಯಂಕಾಲ ಮುಖ ತೊಳ್ಕಂಡು, ಧಾರೆ ಸೀರೆ ಉಟ್ಕಂಡ್ ಬಂದು ನಿಮ್ಮ ಮುಂದೆ ನಿಂತ್ಕಂಡ್ಲು. ಲೈಟ್ ಹೊಡೆದಿದ್ದು ಇನ್ನೂ ಕಣ್ಣಾಗೈತೆ. ಮಾರನೇ ವರ್ಷ ತೀರ್ಕಂಡ್ಲು. ಬೇರೆ ಫೋಟೋನೇ ಇಲ್ಲ. ಮುಖ ನಂಗೆ ನೆನಪಿಲ್ಲ, ಹೆಂಗಿತ್ತು ಅಂತ ಹೇಳೋರೂ ನಮ್ಮ ಪೈಕಿ ಈಗ ಯಾರೂ ಉಳ್ದಿಲ್ಲ."

ಪಲ್ಲವಿ ಆ ರೋಲನ್ನು ಪರದೆಗೆ ತಂದಳು. ಕಂಟ್ರಾಕ್ಟರು, ಇಂಜಿನಿಯರು, ಮಣ್ಣು ಹೊತ್ತ ಕತ್ತೆಗಳು, ಮತ್ತೆ ಕಂಟ್ರಾಕ್ಟರು, ಕೊನೆಗೆ ಮಣ್ಣು ಹೊರುವ ಹೆಂಗಸರ ಸಾಲು. ಮೂವತ್ತಾರು ಚಿತ್ರಗಳನ್ನೂ ಬೀರಯ್ಯ ಎರಡೆರಡು ಸಲ ನೋಡಿದರು. ಧಾರೆ ಸೀರೆಯ ಹೆಂಗಸು ಎಲ್ಲೂ ಇರಲಿಲ್ಲ.

"ಇನ್ನೊಂದು ರೋಲ್ ಇತ್ತಾ ತಾತ?" ಎಂದಳು ಪಲ್ಲವಿ.

ಇರಲಿಲ್ಲ. ಸಂಪಾದಕರು ಒಂದು ವರದಿಗೆ ಒಂದೇ ರೋಲ್ ಕೊಡುತ್ತಿದ್ದ ಕಾಲ ಅದು. ಕ್ಯಾಮೆರಾ ಕಂಡರೆ ಜನ ಮುತ್ತಿಕೊಳ್ಳುತ್ತಿದ್ದರು. ಆಗಲ್ಲ ಅಂದರೆ ಜಗಳ. ಅದಕ್ಕೇ ರೀಲು ಮುಗಿದ ಮೇಲೆ ಬರೀ ಫ್ಲ್ಯಾಶ್ ಹೊಡೆದು, 'ಬಂತು, ಹೋಗಿ' ಎಂದು ಸಾಗಹಾಕುವುದು ಆ ಕಸುಬಿನವರ ರೂಢಿ. ಆಮೇಲೆ ಆಫೀಸಿನಲ್ಲಿ ಟೀ ಕುಡಿಯುತ್ತಾ ಅದನ್ನೇ ಹೇಳಿಕೊಂಡು ನಗುತ್ತಲೂ ಇದ್ದರು, ಪುಣ್ಯಾತ್ಮರು.

ಆ ಚಿತ್ರ ಫಿಲ್ಮ್ ತೊಳೆಯುವಾಗ ಹಾಳಾಯಿತು ಎಂದುಬಿಟ್ಟರೆ ಮುಗಿಯುತ್ತಿತ್ತು. ಮಾತು ನಾಲಿಗೆ ತುದಿಗೂ ಬಂದಿತ್ತು.

"ಕ್ಯಾಮೆರಾದಲ್ಲಿ ರೀಲೇ ಇರ್ಲಿಲ್ಲ ಬೀರಯ್ಯನೋರೆ," ಎಂದರು ನರಸಿಂಹಯ್ಯ. "ನಿಮ್ಮ ತಾಯಿಗೆ ಬರೀ ಲೈಟ್ ತೋರ್ಸಿ ಕಳಿಸ್ದೆ. ತಪ್ಪಾಯ್ತು."



"ನಮ್ಮವ್ವ ಪ್ರತಿ ವಾರ ಮೇಷ್ಟ್ರ ಹತ್ರ ಹೋಗಿ ನಿಮ್ಮ ಪತ್ರಿಕೆ ತೆಗ್ಸಿ ನೋಡ್ತಿದ್ಲು," ಎಂದರು ಬೀರಯ್ಯ, ಅಷ್ಟೇ. ಬೈದಿದ್ದರೇ ವಾಸಿಯಿತ್ತು. ಮೊಮ್ಮಗಳ ಮುಂದೆ ನರಸಿಂಹಯ್ಯನವರಿಗೆ ತಲೆ ಎತ್ತಲಾಗಲಿಲ್ಲ.

ಹೊರಡಲು ಎದ್ದ ಬೀರಯ್ಯ ಪರದೆಯತ್ತ ಬಾಗಿದರು. ರೋಲಿನ ಕೊನೆಯ ಚಿತ್ರ ಇನ್ನೂ ಅಲ್ಲೇ ಇತ್ತು: ಏರಿಯ ಮೇಲೆ ಸಾಲಾಗಿ ಹೆಂಗಸರು, ತಲೆಯ ಮೇಲೆ ಮಂಕರಿ, ಮುಖದ ತುಂಬ ಧೂಳು.

"ಅವತ್ತು ಮಣ್ಣು ಹೊತ್ತೋರು ಇಷ್ಟೇ ಜನಾನಾ?"

"ಇಷ್ಟೇ. ಹನ್ನೊಂದು ಜನ ಅಂತ ಡೈರೀಲಿ ಬರ್ಕೊಂಡಿದೀನಿ."

"ಇವ್ರಲ್ಲಿ ನಮ್ಮವ್ವ ಯಾರು ಸಾರ್?"

ಯಾರ ಮೇಲೆ ಬೆರಳಿಟ್ಟಿದ್ದರೂ ಆ ಮನುಷ್ಯ ನಂಬಿಬಿಡುತ್ತಿದ್ದರು. ನರಸಿಂಹಯ್ಯನವರು ಒಂದೊಂದೇ ಮುಖ ನೋಡಿ, "ಗೊತ್ತಿಲ್ಲಪ್ಪ," ಎಂದರು.

"ಹಂಗಾದ್ರೆ ಹನ್ನೊಂದು ಜನಾನೂ ಕೊಡಿ. ಒಬ್ರನ್ನೂ ಕತ್ತರಿಸ್ಬೇಡಿ."

ಪಲ್ಲವಿ ದೊಡ್ಡದಾಗಿ ಪ್ರಿಂಟ್ ತೆಗೆದಳು. ಬೀರಯ್ಯ ಅದನ್ನು ಮಡಚದೆ ಎರಡು ರಟ್ಟಿನ ನಡುವೆ ಇಟ್ಟುಕೊಂಡರು. ಬಾಗಿಲವರೆಗೆ ಬಂದ ನರಸಿಂಹಯ್ಯನವರಿಗೆ ಕೇಳದೆ ಇರಲಾಗಲಿಲ್ಲ.

"ಕಟ್ಟು ಹಾಕ್ಸಿ ಹಾರ ಹಾಕ್ತೀರಾ?"

"ಕಟ್ಟು ಹಾಕ್ಸ್ತೀನಿ ಸಾರ್. ಹಾರ ಬ್ಯಾಡ. ಮಿಕ್ಕಿದ ಹತ್ತು ಜನದಾಗೆ ಯಾರಾದ್ರೂ ಬದುಕಿರ್ಬೋದು."