ಬೂದಿನೀರು

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಮುಂಬಯಿಯ ಚೆಂಬೂರಿನ ಅಂಗಡಿಗಳಿಂದ ಸಾಬೂನು ಮಾಯವಾಗಿತ್ತು. ನನಗೆ ಅದರ ಚಿಂತೆ ಇರಲಿಲ್ಲ. ನಮ್ಮತ್ತೆ ದಾನವ್ವ ಸಾಬೂನು ಸಿಗುವಾಗಲೂ ಅದನ್ನು ಮನೆಗೆ ತರಲು ಬಿಟ್ಟವಳಲ್ಲ. ಡಾಲ್ಡಾ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಒಳಗೆ ಬಟ್ಟೆ ಹಾಸಿ, ಒಲೆಯ ಬೂದಿ ತುಂಬಿ ನೀರು ಹೊಯ್ಯಬೇಕು. ಕೆಳಗೆ ತೊಟ್ಟಿಕ್ಕಿದ ನೀರಿಗೆ ಅಂಟುವಾಳದ ನೊರೆ ಕೂಡಿಸಿದರೆ ಒಗೆಯಲು ಮತ್ತೇನೂ ಬೇಡ. ಹನ್ನೊಂದು ವರ್ಷ ಹಾಗೆ ಒಗೆದರೂ ನನ್ನ ಒಗೆತ ಅವಳಿಗೆ ಒಪ್ಪಿಗೆಯಾಗಲಿಲ್ಲ. ಬೂದಿ ಸರಿಯಿಲ್ಲ ಎಂದು ನಾನಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವಿದ್ದ ಚಾಳಿನ ಮನೆಗಳಿಗೆಲ್ಲ ಕೇಳುವ ಹಾಗೆ ಅನ್ನುತ್ತಿದ್ದಳು. ನಾನೂ ಸುಮ್ಮನಿರುತ್ತಿರಲಿಲ್ಲ.

ಏಪ್ರಿಲ್ ಕೊನೆಗೆ ಜ್ವರ ಬಂದು ಮಲಗಿದವಳು ಮೇಲೇಳಲಿಲ್ಲ. ಸಾಯುವ ದಿನ ಜಗಳ ಮರೆತು ನನ್ನ ಕೈ ಹಿಡಿದಳು.

"ಸುಂದ್ರವ್ವ, ನನ್ನ ಈ ಊರಾಗ ಬಿಡಬ್ಯಾಡ. ಕೃಷ್ಣಾ ಹೊಳಿಗೆ ಮುಟ್ಟಸ್ರಿ."

ಹೂಂ ಅಂದೆ. ಮನಸಾರೆ ಅಂದೆ.

ಅಸ್ಥಿಯನ್ನೂ ಬೂದಿಯನ್ನೂ ನಮ್ಮ ಯಜಮಾನರು ಸಾಯಬಣ್ಣ ಒಂದು ಡಾಲ್ಡಾ ಡಬ್ಬಿಯಲ್ಲಿ ತಂದು, ಬಿಳಿ ಬಟ್ಟೆ ಸುತ್ತಿ ಗ್ಯಾಲರಿಯ ಮೊಳೆಗೆ ತೂಗುಹಾಕಿದರು. ಅಷ್ಟರಲ್ಲಿ ರೈಲು ಮುಷ್ಕರ ಶುರುವಾಯಿತು. ಊರಿಗೆ ಹೋಗುವ ದಾರಿ ಮುಚ್ಚಿತು. ಮಕ್ಕಳು ಓಡಾಡುವ ಜಾಗದಲ್ಲಿ ಇದೇನು ಎಂದು ಚಾಳಿನವರು ಗೊಣಗಿದರು. ಒಂದು ಬೆಳಿಗ್ಗೆ ಯಜಮಾನರು, ಯಾರಿಗೂ ಗುರುತು ಸಿಗದಿರಲಿ ಎಂದು ಬಟ್ಟೆ ಬಿಚ್ಚಿ, ಮುಚ್ಚಳ ಹಾಕಿ, ಮೆಟ್ಟಿಲ ಕೆಳಗೆ ನನ್ನ ಬೂದಿ ಡಬ್ಬಿಗಳ ಸಾಲಿನಲ್ಲಿಟ್ಟರು. ನನಗೆ ಹೇಳುವುದನ್ನು ಮರೆತು ಕೆಲಸಕ್ಕೆ ಹೋದರು.

ಆ ದಿನ ಕೈಗೆ ಸಿಕ್ಕ ಬೂದಿ ಎಷ್ಟು ಬಿಳುಪು, ಎಷ್ಟು ನುಣುಪು! ಇವತ್ತು ಅತ್ತೆ ಇರಬೇಕಿತ್ತು, ಬಾಯಿ ಮುಚ್ಚಿಕೊಳ್ಳುತ್ತಿದ್ದಳು ಎಂದುಕೊಂಡೆ. ಬೂದಿನೀರು ಇಳಿಯಿತು. ಖಾರ ನೋಡಲು ಎಂದಿನಂತೆ ನಾಲಿಗೆಗೆ ಹಚ್ಚಿಕೊಂಡೆ, ಚುರ್ರೆಂದಿತು. ಅವರ ಅಂಗಿ, ನನ್ನ ಹಸಿರು ಸೀರೆ ಒಗೆದು ನೀರನ್ನು ಗಟಾರಕ್ಕೆ ಚೆಲ್ಲಿದೆ. ಮಧ್ಯಾಹ್ನ ಹಾಸಿಗೆಯ ಚಾದರಕ್ಕೆಂದು ಇನ್ನಷ್ಟು ಬೂದಿ ತೆಗೆಯಲು ಕೈ ಹಾಕಿದಾಗ ಡಬ್ಬಿಯ ತಳದಲ್ಲಿ ಕೆಂಪು ಬಟ್ಟೆಯ ಗಂಟು ಸಿಕ್ಕಿತು. ಎಲುಬು ಕಟ್ಟಲೆಂದು ಆ ಬಟ್ಟೆ ಹರಿದುಕೊಟ್ಟವಳು ನಾನೇ.

ಎಷ್ಟು ಮುಕ್ಕಳಿಸಿದರೂ ನಾಲಿಗೆಯ ಉರಿ ಹೋಗಲಿಲ್ಲ. ನೀರು ಇಳಿದು ಉಳಿದ ಕೆಸರನ್ನು ತವೆಯ ಮೇಲೆ ಹರಡಿ ಒಣಗಿಸಿದೆ. ಅತ್ತೆಯನ್ನು ಎರಡನೇ ಸಲ ಬೆಂಕಿಗಿಟ್ಟೆ. ತವೆಯಿಂದ ಏನೂ ವಾಸನೆ ಬರಲಿಲ್ಲ, ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಒಣಗಿದ್ದನ್ನು ಡಬ್ಬಿಗೆ ತುಂಬಿ ಗಂಟಿನ ಮೇಲೆ ಮುಚ್ಚಿದೆ. ಗಟಾರಕ್ಕೆ ಹೋದದ್ದನ್ನು ಎಲ್ಲಿಂದ ತರಲಿ?

ಮುಷ್ಕರ ಮುಗಿಯಿತು. ಹೊರಡುವ ದಿನ ಅವರು ಅದೇ ಅಂಗಿ ತೊಟ್ಟು ತೋಳು ಸವರಿಕೊಂಡರು.

"ಥೇಟ್ ಅವ್ವ ಒಗದಂಗ ಆಗೇತಿ ನೋಡು," ಅಂದರು. ಅವರ ಕಣ್ಣು ತುಂಬಿತ್ತು. ಆಗಲೇ ಹೇಳಬೇಕಿತ್ತು. ಡಬ್ಬಿಯನ್ನು ಅವರ ಕೈಗಿತ್ತೆ.

ನಾಲ್ಕನೇ ದಿನ ತಿರುಗಿ ಬಂದವರ ಮುಖ ಹಗುರಾಗಿತ್ತು. ಡಬ್ಬಿ ಖಾಲಿ ಮಾಡಿ, ಉಟ್ಟ ಬಟ್ಟೆಯಲ್ಲೇ ಹೊಳೆಯಲ್ಲಿ ಮೂರು ಮುಳುಗು ಹಾಕಿದರಂತೆ.

"ಅವ್ವ ಮುಟ್ಟಿದ್ಲು. ಇನ್ನ ನನಗ ನಿರಾಳ ಆತು," ಅಂದರು.

ಮಗನ ಮೈಮೇಲಿನ ಅಂಗಿಯಲ್ಲಿ ಉಳಿದಿದ್ದವಳು ಹಾಗೆ ಹೋದಳು. ನನ್ನ ಹಸಿರು ಸೀರೆಯಲ್ಲಿದ್ದವಳು ಹೋಗಲಿಲ್ಲ. ಅದನ್ನು ಉಡಲಾರೆ. ಒಗೆದರೆ ಮತ್ತೆ ಗಟಾರಕ್ಕೇ ಬಿಟ್ಟಂತೆ. ಟ್ರಂಕಿನ ಮುಚ್ಚಳ ತೆಗೆದಾಗಲೆಲ್ಲ, ನನ್ನ ಯಾಕ ಇಲ್ಲೇ ಬಿಟ್ಟಿ ಎಂದು ಕೇಳುತ್ತಾಳೆ. ಅತ್ತೆ ಬೈದರೆ ತಿರುಗಿ ಬೈಯುತ್ತಿದ್ದೆ. ಈಗ ಅವಳು ಬೈಯುವುದೇ ಇಲ್ಲ.

ಒಂದು ಸಲ ಹೊಳೆಗೆ ಕರೆದುಕೊಂಡು ಹೋಗಿ ಎಂದು ಪ್ರತಿ ಬೇಸಿಗೆಗೂ ಅವರನ್ನು ಕೇಳುತ್ತೇನೆ. ಅವ್ವನ ಕೆಲಸ ಮುಗಿದಿದೆಯಲ್ಲ, ಇನ್ನೇನು ಎನ್ನುತ್ತಾರೆ. ಹೇಳಿಬಿಟ್ಟರೆ ಒಂದೇ ದಿನದಲ್ಲಿ ಕರೆದೊಯ್ದಾರು. ಆದರೆ ಹೇಳಿದ ಗಳಿಗೆಯಲ್ಲೇ ಅವರ ಅವ್ವ ಹೊಳೆಯಿಂದೆದ್ದು ಅವರ ಹತ್ತಿರವೂ ಬರುತ್ತಾಳೆ. ಅದಕ್ಕೇ ಅವಳನ್ನು ನಾನೊಬ್ಬಳೇ ಇಟ್ಟುಕೊಂಡಿದ್ದೇನೆ.