ಅರವತ್ತೊಂದು ಹಾಜರಿ

ಸುತ್ತೋಲೆ ಮಂಗಳವಾರ ಮಧ್ಯಾಹ್ನ ವಾಟ್ಸಾಪಿನಲ್ಲಿ ಬಂದಾಗ ಅಂದಪ್ಪ ಮಾಸ್ತರರು ಊಟ ಮುಗಿಸಿ ಮಜ್ಜಿಗೆ ಕುಡಿಯುತ್ತಿದ್ದರು. ಶುಕ್ರವಾರ ಶಾಲೆಯಲ್ಲಿ ಅಣಕು ಪ್ರದರ್ಶನ. ಬೆಂಕಿ ಬಿದ್ದರೆ, ಗ್ಯಾಸ್ ಸೋರಿದರೆ ಮಕ್ಕಳನ್ನು ಹೇಗೆ ಹೊರಗೆ ತರಬೇಕು ಎಂಬುದನ್ನು ಅಗ್ನಿಶಾಮಕ ದಳದವರು ಬಂದು ಮಾಡಿಸಿ ತೋರಿಸುತ್ತಾರೆ. ಸೈರನ್ ಕೂಗಿದ ಮೂರು ನಿಮಿಷದೊಳಗೆ ಮಕ್ಕಳೆಲ್ಲ ಬಯಲಿಗೆ ಬಂದು ಸಾಲಾಗಿ ನಿಲ್ಲಬೇಕು. ಮುಖ್ಯಶಿಕ್ಷಕರು, ಎಂದರೆ ಅಂದಪ್ಪನವರೇ, ಹೆಸರು ಕರೆದು ಲೆಕ್ಕ ಒಪ್ಪಿಸಬೇಕು. ಇಲ್ಲಿಯವರೆಗೆ ಅವರ ಮುಖ ಸರಿಯಾಗಿಯೇ ಇತ್ತು. ಕೊನೆಯ ಸಾಲಿಗೆ ಬಂದಾಗ ಮಜ್ಜಿಗೆಯ ಲೋಟ ಕೆಳಗಿಟ್ಟರು. ಅಂದು ಗೈರಾದ ಪ್ರತಿ ಮಗುವಿನ ಮನೆಗೆ ದಳದವರೇ ಹೋಗಿ, ಮಗುವನ್ನು ಕಣ್ಣಾರೆ ಕಂಡು ಬರೆದುಕೊಳ್ಳತಕ್ಕದ್ದು ಎಂದಿತ್ತು.

ಬೆಂಕಿ ಆರಿಸುವವರಿಗೆ ಮನೆಮನೆ ತಿರುಗುವ ಉಸಾಬರಿ ಯಾಕೆ? ಇದು ಬೆಂಕಿಯ ವಿಷಯವಲ್ಲ, ಯಾರೋ ಹೆಸರಿಲ್ಲದ ಮೂಕರ್ಜಿ ಹಾಕಿದ್ದಾರೆ ಎಂದು ಅವರು ಅಲ್ಲೇ ತೀರ್ಮಾನಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂದಪ್ಪನವರ ಹೆಗಲ ಮೇಲೆ ಒಂದಲ್ಲ, ಎರಡು ಕುಂಬಳಕಾಯಿ ಇದ್ದವು.

ಒಂದು ರುಹಿ, ಎರಡನೇ ಇಯತ್ತೆ. ಇನ್ನೊಂದು ಅವಳ ಅಣ್ಣ ಅಝೀಮ, ನಾಲ್ಕನೇ ಇಯತ್ತೆ. ಅವರಪ್ಪ, ಮನೆ ಕಟ್ಟುವ ಗೌಂಡಿ ಕೆಲಸದ ಅಯ್ಯೂಬ ಕಳೆದ ಜೂನಿನಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗೋವಾಕ್ಕೆ ಹೋಗಿದ್ದ. ವರ್ಗಾವಣೆ ಪತ್ರ ಕೇಳಿರಲಿಲ್ಲ. ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದವು. ಮೊದಲ ತಿಂಗಳು ಉಳಿದದ್ದು ಆಲಸ್ಯದಿಂದ, ಆಮೇಲೆ ಉಳಿಸಿದ್ದು ಲೆಕ್ಕಾಚಾರದಿಂದ. ಮಾಗಡಿ ಕೆರೆಯಿಂದ ನಾಲ್ಕು ಮೈಲಿ ದೂರದ ಗುಬ್ಬಿಹಾಳದ ಆ ಶಾಲೆಯಲ್ಲಿ ಅರವತ್ತರ ಮೇಲೆ ಒಂದು ಮಗುವಿದ್ದರೂ ಮೂವರು ಶಿಕ್ಷಕರು, ಅರವತ್ತಕ್ಕೆ ಇಳಿದರೆ ಇಬ್ಬರೇ. ಪುಸ್ತಕದಲ್ಲಿ ಅರವತ್ತೊಂದು, ಬೆಂಚಿನ ಮೇಲೆ ಐವತ್ತೊಂಬತ್ತು. ಸತ್ಯ ಹೇಳಿದರೆ ಹೊಸದಾಗಿ ಬಂದ ಸುಶ್ಮಿತಾ ಟೀಚರ್ 'ಹೆಚ್ಚುವರಿ' ಎಂದು ಬೇರೆ ಊರಿಗೆ ಹೋಗುತ್ತಾರೆ, ಸಣ್ಣ ಮಕ್ಕಳ ಮೂರು ತರಗತಿ ಅನಾಥವಾಗುತ್ತವೆ. ಮಕ್ಕಳ ಸಲುವಾಗಿಯೇ ಮಾಡಿದ್ದು ಎಂದು ಅಂದಪ್ಪನವರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಆ ಮೂರು ತರಗತಿ ತಮ್ಮ ತಲೆಗೇ ಬೀಳುತ್ತವೆ ಎಂಬುದನ್ನು ಹೇಳಿಕೊಳ್ಳುತ್ತಿರಲಿಲ್ಲ. ಎಂಟು ತಿಂಗಳಿಂದ ಇಬ್ಬರಿಗೂ ದಿನಾ ಹಾಜರಿ ಹಾಕಿದ್ದಾಗಿತ್ತು. ಈಗ ಗೈರು ಎಂದು ಬರೆದರೆ ಆ ಮನೆಗೆ ಹೋದವರಿಗೆ ಕಾಣುವುದು ಬೀಗ. ಬೀಗ ಕಂಡರೆ ಅಮಾನತು, ನಿವೃತ್ತಿಗೆ ಮೂರು ವರ್ಷ ಇರುವಾಗ.

ಮೂಕರ್ಜಿ ಹಾಕಿದವರು ಯಾರು? ಮೊದಲ ಸಂಶಯ ಸುಶ್ಮಿತಾ ಮೇಲೆ ಹೋಯಿತು. ಯಾವಾಗ ನೋಡಿದರೂ ಮೊಬೈಲಿನಲ್ಲಿ ಏನೋ ಒತ್ತುತ್ತಿರುತ್ತಾಳೆ. ತನ್ನ ನೌಕರಿಗೆ ತಾನೇ ಕೊಳ್ಳಿ ಇಡುತ್ತಾಳೆಯೇ ಎಂದು ಯೋಚಿಸುವಷ್ಟು ಸಮಾಧಾನ ಅವರಿಗೆ ಇರಲಿಲ್ಲ. ಎರಡನೆಯ ಸಂಶಯ ಬಿಸಿಯೂಟದ ಹನಮಂತವ್ವನ ಮೇಲೆ. ದಿನಾ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಅಡುಗೆಮನೆಯ ಮೆಟ್ಟಿಲ ಮೇಲೆ ನಿಂತು ಬೆರಳು ಮಾಡಿ ಮಕ್ಕಳನ್ನು ಎಣಿಸುತ್ತಿದ್ದಳು. ಇಷ್ಟು ದಿನ ಅದು ಅವರ ಕಣ್ಣಿಗೇ ಬಿದ್ದಿರಲಿಲ್ಲ. ಬುಧವಾರ ಬಿತ್ತು.

"ಯಾಕ ಎಣಸ್ತೀಬೇ?" ಎಂದು ಕೇಳಿದರು.

"ಹಾಲಿನ ಲೋಟ ಹಚ್ಚಬೇಕಲ್ರಿ ಸರ."

"ಎಷ್ಟ ಆಕ್ಕಾವು?"

"ಹುಡುಗೂರು ಬಂದಷ್ಟು," ಎಂದು ಹನಮಂತವ್ವ ಹಾಲು ತಿರುವಿದಳು.

ಬಂದಷ್ಟು! ಎಷ್ಟು ಜಾಣತನದ ಮಾತು. ಆ ಒಂದು ಮಾತು ಅವರ ಎರಡು ದಿನದ ಊಟ ಕೆಡಿಸಿತು.

ಕೊನೆಗೆ ಉಪಾಯ ಹೊಳೆಯಿತು. ರುಹಿ ಮತ್ತು ಅಝೀಮನ ಹೆಸರಿಗೆ ನೀವು ಹಾಜರ್ ಅನ್ನಿ ಎಂದು ಮಕ್ಕಳಿಗೆ ಹೇಳಿಕೊಟ್ಟರೆ ಸಂಜೆಯೊಳಗೆ ಊರಿಗೇ ಡಂಗುರ. ಆದ್ದರಿಂದ ಹೆಸರೇ ಎತ್ತಲಿಲ್ಲ. ಅದನ್ನೊಂದು ಶಿಸ್ತಿನ ನಿಯಮ ಮಾಡಿಬಿಟ್ಟರು.

"ಬೆಂಕಿ ಬಿದ್ದಾಗ ಹೆದರಿಕಿಗೆ ಕೆಲವರ ನಾಲಿಗಿ ಏಳಂಗಿಲ್ಲ," ಎಂದು ಗುರುವಾರ ಬಯಲಿನಲ್ಲಿ ಮಕ್ಕಳನ್ನು ನಿಲ್ಲಿಸಿ ಹೇಳಿದರು. "ನಾನು ಹೆಸರು ಕರದಾಗ ಯಾರೂ ಓ ಅನ್ನಲಿಲ್ಲ ಅಂದ್ರ, ಆ ಸಾಲಿನ್ಯಾಗ ಮುಂದ ನಿಂತವರು ಹಾಜರ್ ಅನ್ನಬೇಕು. ಒಬ್ಬರಿಗೊಬ್ಬರು ಆಸರಾಗೋದು ಅಂದ್ರ ಇದ. ತಿಳೀತಿಲ್ಲೋ?"

"ತಿಳೀತ್ರಿ ಸರ," ಎಂದವು ಮಕ್ಕಳು. ಐದು ಸಲ ಮಾಡಿಸಿದರು. ಒಂದನೇ ಇಯತ್ತೆಯ ಸಾಲಿನ ಮುಂದೆ ನಿಂತ ಮಾಯಾ ಎಂಬ ಹುಡುಗಿ ಎಲ್ಲರಿಗಿಂತ ಚುರುಕು. ಗಾಳಿ ನಿಂತರೂ ಸಾಕು, ಹಾಜರ್ ಎನ್ನುತ್ತಿದ್ದಳು. ಅಂದಪ್ಪನವರು ಅವಳಿಗೆ ಭೇಷ್ ಎಂದು ಪೆಪ್ಪರಮೆಂಟು ಕೊಟ್ಟರು.

ಶುಕ್ರವಾರ ಕೆಂಪು ಗಾಡಿ ಬರುತ್ತದೆಂಬ ಸುದ್ದಿಗೆ ಒಂದು ಮಗುವೂ ಶಾಲೆ ತಪ್ಪಿಸಲಿಲ್ಲ. ಮೂರನೆಯ ಶಿಕ್ಷಕರು ಆ ವಾರ ಗದಗಿನಲ್ಲಿ ತರಬೇತಿಗೆ ಹೋಗಿದ್ದರು. ಹತ್ತೂವರೆಗೆ ಗಾಡಿ ಬಂತು. ಅದರಿಂದ ಇಳಿದ ವೀರೇಶ ಎಂಬ ತರುಣ ಮಾಸ್ತರರಿಗೆ ಕೈಮುಗಿದು ಮೊದಲು ಕೇಳಿದ್ದೇ ಮಕ್ಕಳೆಷ್ಟು ಎಂದು. ನೋಡು, ನೀರೂ ಕೇಳಲಿಲ್ಲ, ನೆಟ್ಟಗೆ ಅದಕ್ಕೇ ಕೈ ಹಾಕಿದ ಎಂದುಕೊಂಡರು ಅಂದಪ್ಪನವರು.

"ಅರವತ್ತೊಂದು. ಎಲ್ಲಾ ಬಂದಾವು," ಎಂದರು.

ಸೈರನ್ ಕೂಗಿತು. ಅಂಥ ಕೂಗನ್ನು ಆ ಮಕ್ಕಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸುಶ್ಮಿತಾ ಸಣ್ಣವರನ್ನು ಸಾಲು ಹಿಡಿಸಿಕೊಂಡು ಮುಂದೆ ನಡೆದರು, ದೊಡ್ಡವರು ಹಿಂದೆ ಓಡಿದರು, ಕೆಲವರು ಕಿವಿ ಮುಚ್ಚಿಕೊಂಡು ಅತ್ತರು. ಆದರೂ ಎರಡೂಮುಕ್ಕಾಲು ನಿಮಿಷದಲ್ಲಿ ಬೇವಿನ ಮರದ ಕೆಳಗೆ ಸಾಲು ನಿಂತಿತು. ವೀರೇಶ ಕೈಗಡಿಯಾರ ನೋಡಿ ತಲೆಯಾಡಿಸಿದ.

ಅಂದಪ್ಪನವರು ಹಾಜರಿ ಪುಸ್ತಕ ತೆರೆದರು. ಒಂದನೇ ಇಯತ್ತೆಯಿಂದ ಶುರುಮಾಡಿದರು. ನೂರೀನ ಎಂದು ಕರೆದಾಗ ಒಂದು ಕ್ಷಣ ಸದ್ದಿರಲಿಲ್ಲ. ಆಮೇಲೆ ಹಾಜರ್ ಎಂದು ಗಟ್ಟಿಯಾಗಿ ಬಂತು. ನೂರೀನ ಹಾಗೆ ಗಟ್ಟಿಯಾಗಿ ಮಾತಾಡುವ ಕೂಸಲ್ಲ. ಪಾಪ, ಹೆದರಿದೆ, ನಿಯಮ ಕೆಲಸ ಮಾಡುತ್ತಿದೆ ಎಂದು ಮಾಸ್ತರರಿಗೆ ಧೈರ್ಯವೇ ಬಂತು. ರುಹಿ ಎಂದಾಗ ಹಾಜರ್. ಅಝೀಮ ಎಂದಾಗ ಹಾಜರ್. ಎದೆಯ ಮೇಲಿನ ಕಲ್ಲು ಇಳಿಯಿತು.

"ಅರವತ್ತೊಂದಕ್ಕ ಅರವತ್ತೊಂದು," ಎಂದರು.

"ಒಳಗ ಯಾರೂ ಉಳಿದಿಲ್ಲ ಅಂತ ಬರಕೊಳ್ಳಲೇನ್ರಿ?"

"ಬರಕೊಳ್ರಿ."

"ಖರೇನ ಸರಿ ಐತಲ್ರಿ ಲೆಕ್ಕ? ಇನ್ನ ನಾವು ಹೊಗಿ ಹಾಕ್ತೇವಿ."

ಎರಡೆರಡು ಸಲ ಕೇಳುತ್ತಾನೆ, ಬಾಯಿ ಬಿಡಿಸಲು ನೋಡುತ್ತಾನೆ ಎಂದು ಅಂದಪ್ಪನವರಿಗೆ ಸಿಟ್ಟು ಬಂತು. "ಮೂವತ್ತು ವರ್ಷ ಹಾಜರಿ ಕರದೀನಿ ನಾನು," ಎಂದು ಕಾಗದಕ್ಕೆ ರುಜು ಹಾಕಿದರು.

ಮುರಿದ ಬೆಂಚು ಒಟ್ಟಿದ ಹಳೆಯ ಕೋಣೆಯೊಂದಿತ್ತು. ಅದರ ಬಾಗಿಲಲ್ಲಿ ತಗಡಿನ ಡಬ್ಬಿಯಿಟ್ಟು ಹಸಿ ಗೋಣಿಚೀಲಕ್ಕೆ ಬೆಂಕಿ ಕೊಟ್ಟರು. ದಟ್ಟ ಹೊಗೆ ಎದ್ದು ಒಳಗೆ ನುಗ್ಗಿತು. ಮಕ್ಕಳು ಚಪ್ಪಾಳೆ ತಟ್ಟಿದವು. ಇಂಥ ಹೊಗೆಯಲ್ಲಿ ನೆಲಕ್ಕೆ ಬಗ್ಗಿ ನಡೆಯಬೇಕು ಎಂದು ವೀರೇಶ ಹೇಳತೊಡಗಿದ. ಅಷ್ಟರಲ್ಲಿ ಸೆರಗಿಗೆ ಕೈ ಒರೆಸುತ್ತ ಹನಮಂತವ್ವ ಬಂದಳು.

"ಸರ, ಒಂದು ಕಡಿಮಿ ಐತ್ರಿ."

ಬಂತು ನೋಡು ಎಂದುಕೊಂಡರು ಅಂದಪ್ಪನವರು. ಕೆಂಪು ಗಾಡಿಯವನ ಎದುರಿಗೇ, ಸಮಯ ನೋಡಿಕೊಂಡು.

"ಲೆಕ್ಕ ಆಗೇತಿ. ನೀ ಹೋಗಿ ಅಡಗಿ ನೋಡು."

"ಇಲ್ರಿ ಸರ. ಮುಂಜಾನಿ ಐವತ್ತೊಂಬತ್ತು ಲೋಟ ಹಾಲು ಕೊಟ್ಟೀನಿ. ಈಗ ಎರಡು ಸಲ ಎಣಿಸಿದೆ, ಐವತ್ತೆಂಟ ಅದಾವು."

ಐವತ್ತೊಂಬತ್ತು ಎಂಬುದೊಂದೇ ಅವರ ಕಿವಿಗೆ ಬಿತ್ತು. ಐವತ್ತೆಂಟು ಬೀಳಲೇ ಇಲ್ಲ. ಮೈಯೆಲ್ಲ ಉರಿದುಹೋಯಿತು. "ಯಾರು ಕಲಿಸಿಕೊಟ್ಟಾರ ನಿನಗ ಈ ಮಾತು? ನಡಿ ಇಲ್ಲಿಂದ," ಎಂದು ಹಲ್ಲು ಕಚ್ಚಿ ಹೇಳಿದರು. ಹನಮಂತವ್ವ ಎರಡು ಹೆಜ್ಜೆ ಹಿಂದೆ ಸರಿದಳೇ ಹೊರತು ಹೋಗಲಿಲ್ಲ. ಸಾಲುಗಳ ಕಡೆ ಬೆರಳು ಮಾಡಿ ಮತ್ತೆ ಎಣಿಸಹತ್ತಿದಳು.

ಅವಳ ಬೆರಳನ್ನು ನೋಡುತ್ತ ನೋಡುತ್ತ ಮಾಸ್ತರರೂ ಮನಸ್ಸಿನಲ್ಲೇ ಎಣಿಸಿದರು. ಅವಳ ಸುಳ್ಳು ಹಿಡಿಯಬೇಕು ಎಂಬುದಷ್ಟೇ ಅವರ ಉದ್ದೇಶ. ಐವತ್ತೆಂಟು ಬಂತು. ತಪ್ಪಿದೆನೆಂದು ಮತ್ತೆ ಎಣಿಸಿದರು. ಐವತ್ತೆಂಟೇ. ಇಡೀ ಬಯಲಿನಲ್ಲಿ ಸರಿಯಾದ ಸಂಖ್ಯೆ ಗೊತ್ತಿದ್ದವರು ಇಬ್ಬರೇ, ಒಬ್ಬಳನ್ನು ಅವರು ಆಗಷ್ಟೇ ಬೈದು ಅಟ್ಟಲು ನೋಡಿದ್ದರು. ನೂರೀನಳ ಹೆಸರಿಗೆ ಬಂದ ಆ ಗಟ್ಟಿ ಹಾಜರ್ ನೆನಪಾಯಿತು.

"ವೀರೇಶ ಅವರ, ಒಳಗ ಒಂದ ಸಲ ನೋಡ್ರಲಾ," ಎಂದರು.

"ಯಾಕ್ರಿ? ಲೆಕ್ಕ ಸರಿ ಬಂದೈತಲ್ಲ. ಹೊಗಿಯೊಳಗ ಸುಮ್ಮ ಸುಮ್ಮನ ಹೋಗಾಕ ಬರಂಗಿಲ್ರಿ."

ಇನ್ನೂ ದಾರಿಯಿತ್ತು. ಸಂಶಯ ಬಂತು, ಏನೋ ಸಪ್ಪಳ ಕೇಳಿಸಿತು ಎಂದು ಏನಾದರೂ ಹೇಳಬಹುದಿತ್ತು. ಒಂದು ಕ್ಷಣ ಅದನ್ನೂ ಹುಡುಕಿದರು, ನಾಚಿಕೆಗೆಟ್ಟವರ ಹಾಗೆ. ಆಮೇಲೆ ಇಡೀ ಶಾಲೆಗೆ ಕೇಳುವಂತೆ ಹೇಳಿದರು.

"ಲೆಕ್ಕ ಸುಳ್ಳೈತಿ. ಎರಡು ಹೆಸರು ನಾನ ಸುಳ್ಳು ಬರದೀನಿ. ಇರೋದು ಐವತ್ತೊಂಬತ್ತು, ಇಲ್ಲಿ ನಿಂತದ್ದು ಐವತ್ತೆಂಟು. ಒಂದು ಕೂಸು ಒಳಗೈತಿ."

ವೀರೇಶ ಡಬ್ಬಿ ಒದ್ದು ಹೊರಗೆ ಉರುಳಿಸಿ, ಮುಖಕ್ಕೆ ಮುಖವಾಡ ಏರಿಸಿ, ಬಗ್ಗಿ ಒಳಗೆ ನುಗ್ಗಿದ. ಬೆಂಚು ಉರುಳಿದ ಸದ್ದು ಬಂತು. ಮಕ್ಕಳ ಚಪ್ಪಾಳೆ ನಿಂತಿತ್ತು. ಸುಶ್ಮಿತಾ ಬಾಯಿಗೆ ಕೈಯಿಟ್ಟುಕೊಂಡು ನಿಂತಿದ್ದರು. ಅಂದಪ್ಪನವರು ಜೀವಮಾನದಲ್ಲಿ ಬೇಡಿಕೊಂಡಿರದಷ್ಟು ದೇವರನ್ನು ಆ ಅರ್ಧ ನಿಮಿಷದಲ್ಲಿ ಬೇಡಿಕೊಂಡರು. ವೀರೇಶ ಹೊರಬಂದಾಗ ಅವನ ತೋಳಲ್ಲಿ ನೂರೀನ ಇದ್ದಳು. ಕಣ್ಣು ಕೆಂಪಾಗಿ, ಮೂಗಿನ ತುಂಬ ಮಸಿಯಾಗಿ, ಕೆಮ್ಮುತ್ತಿದ್ದಳು. ಕೆಮ್ಮು ಅಷ್ಟು ಚೆಂದ ಕೇಳಿಸಬಹುದೆಂದು ಅವರಿಗೆ ಗೊತ್ತಿರಲಿಲ್ಲ.

ದಳದವರು ಕೂಸಿನ ಮೂಗಿಗೆ ಗಾಳಿಯ ನಳಿಕೆ ಹಿಡಿದರು. ಉಸಿರು ಹದಕ್ಕೆ ಬಂದ ಮೇಲೆ ಹನಮಂತವ್ವ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೀರು ಕುಡಿಸಿದಳು.

"ನಿನಗ ಯಾವಾಗಿಂದ ಗೊತ್ತಿತ್ತು?" ಎಂದು ಅಂದಪ್ಪನವರು ತಗ್ಗಿದ ದನಿಯಲ್ಲಿ ಕೇಳಿದರು.

"ಅಯ್ಯೂಬ ಊರು ಬಿಟ್ಟಾಗಿಂದ್ರಿ. ಸುಶ್ಮಿತಾ ಅಕ್ಕೋರು ಹೋದ್ರ ಸಣ್ಣ ಹುಡುಗೂರ ಗತಿ ಏನಂತ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

"ಹಂಗಾರ ಈ ಮನಿಮನಿ ನೋಡೋ ಕಾನೂನು?" ಎಂದು ವೀರೇಶನ ಕಡೆ ತಿರುಗಿದರು.

"ಎಲ್ಲಾ ಶಾಲಿಗೂ ಅದ ಐತ್ರಿ. ಗೈರು ಅಂತ ಬರದ ಕೂಸು ಒಳಗ ಸಿಕ್ಕಿಬಿದ್ದಿರಬಾರದಲ್ರಿ," ಎಂದ ವೀರೇಶ, ಮುಖದ ಮಸಿ ಒರೆಸಿಕೊಳ್ಳುತ್ತ.

ಮೂಕರ್ಜಿ ಯಾರೂ ಹಾಕಿರಲಿಲ್ಲ. ಅಂದಪ್ಪನವರು ನೂರೀನಳ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. "ಯಾಕವ್ವಾ, ಅಲ್ಲಿ ಯಾಕ ಹೋಗಿದ್ದಿ? ಹೊರಗ ಯಾಕ ಬರಲಿಲ್ಲ?"

"ಕೂಗು ಕೇಳಿ ಅಂಜಿಕಿ ಬಂತ್ರಿ, ಬೆಂಚಿನ ಹಿಂದ ಕುಂತೆ," ಎಂದಳು ನೂರೀನ. "ನೀವು ನನ್ನ ಹೆಸರು ಕರದ್ರಿ, ಕೇಳಿಸ್ತು. ಏಳಾಕ ಹತ್ತಿದ್ದೆ. ಅಷ್ಟರಾಗ ಯಾರೋ ಹಾಜರ್ ಅಂದ್ರು. ಅದಕ್ಕ ಮತ್ತ ಅಲ್ಲೇ ಕುಂತೆ."

ಮಾಸ್ತರರಿಗೆ ಕಣ್ಣೀರು ಬಂತು, ಮಕ್ಕಳ ಎದುರಿಗೇ.

ಲೆಕ್ಕ ಮೊದಲಿನಿಂದ ಆಗಬೇಕು, ನಡೆದದ್ದನ್ನೂ ಬರೆಯಬೇಕು, ನಿಯಮ ಅದು ಎಂದ ವೀರೇಶ. ಅಂದಪ್ಪನವರು ಎದ್ದು ಪುಸ್ತಕ ತೆಗೆದುಕೊಂಡರು. ಸುಶ್ಮಿತಾ ಕಡೆ ನೋಡಿ, "ಇದರಿಂದ ನಿಮಗ ಬ್ಯಾರೆ ಊರು ಆಕ್ಕೈತ್ರಿ," ಎಂದರು.

"ಆಗಲ್ರಿ ಸರ. ನೀವು ಹೆಸರು ಕರೀರಿ," ಎಂದರು ಸುಶ್ಮಿತಾ.

ಕರೆದರು. ನೂರೀನ ಎಂದಾಗ ಹನಮಂತವ್ವನ ತೊಡೆಯಿಂದ ಕೆಮ್ಮಿನ ನಡುವೆ ಹಾಜರ್ ಬಂತು. ಎರಡನೇ ಇಯತ್ತೆಗೆ ಬಂದರು. ರುಹಿ ಎಂದರು. ಯಾರೂ ಓ ಅನ್ನಲಿಲ್ಲ. ಒಂದೇ ಕ್ಷಣ. ಆ ಸಾಲಿನ ಮುಂದೆ ನಿಂತ, ಕಲಿಸಿದ ಪಾಠವನ್ನು ಮರೆಯದ ಹುಡುಗಿ ಕೈಯೆತ್ತಿ ಗಟ್ಟಿಯಾಗಿ ಹಾಜರ್ ಎಂದಳು.

"ಬ್ಯಾಡವ್ವಾ," ಎಂದರು ಅಂದಪ್ಪನವರು. "ಆಕಿ ಇಲ್ಲಿಲ್ಲ. ಯಾರ ಹೆಸರಿಗೆ ಅವರ ಹಾಜರ್ ಅನ್ನಬೇಕು."

ಆಮೇಲೆ ಕೆಂಪು ಪೆನ್ನು ತೆಗೆದು ರುಹಿಯ ಹೆಸರಿನ ಮೇಲೆ ಗೆರೆ ಎಳೆದರು, ಮುಂದಿನ ಹೆಸರು ಕರೆದರು.